ಕರ್ನಲ್ ಬದಲಾದಾಗ ಡ್ರೈವರ್ ಕೈಕೊಡದಿರಲಿ



ನಿಮ್ಮಲ್ಲಿ ಹಲವರು ಲಿನಕ್ಸ್ ಬಳಸುತ್ತೀರಿ. ಅದಕ್ಕೆ ಲೈಸೆನ್ಸ್ ಹಣ ಕೊಡಬೇಕಾಗಿಲ್ಲ, ಹಳೆಯ ಲ್ಯಾಪ್‌ಟಾಪೂ ಅದರಿಂದ ಚೆನ್ನಾಗಿ ಓಡುತ್ತದೆ. ಆದರೆ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ: "ನಿನ್ನೆ ಅಪ್‌ಡೇಟ್ ಮಾಡಿದೆವು, ಇಂದು ವೈಫೈ ಇಲ್ಲ." ಒಮ್ಮೆ ಹೀಗಾದವರು ಮತ್ತೆ ಅಪ್‌ಡೇಟ್‌ನ ಗೋಜಿಗೇ ಹೋಗುವುದಿಲ್ಲ. ಇದು ಅಪಾಯದ ತೀರ್ಮಾನ. 2016ರಲ್ಲಿ ಬೆಳಕಿಗೆ ಬಂದ 'ಡರ್ಟಿ ಕೌ' ಎಂಬ ದೋಷ 2007ರಿಂದಲೂ ಕರ್ನಲ್‌ನಲ್ಲಿ ಅಡಗಿತ್ತು. ಅದರ ಮೂಲಕ ಸಾಧಾರಣ ಬಳಕೆದಾರನೊಬ್ಬ ಇಡೀ ಯಂತ್ರದ ಒಡೆಯನಾಗಬಹುದಿತ್ತು. ಹತ್ತಾರು ವಿದ್ಯಾರ್ಥಿಗಳು ಹಂಚಿಕೊಳ್ಳುವ ಲ್ಯಾಬ್‌ನಲ್ಲಿ ಇದರ ಅರ್ಥವೇನೆಂದು ನೀವೇ ಯೋಚಿಸಿ. ಅಪ್‌ಡೇಟ್ ಬೇಕು, ಡ್ರೈವರೂ ಬೇಕು. ಎರಡನ್ನೂ ಉಳಿಸಿಕೊಳ್ಳುವ ದಾರಿಯೇ ನನ್ನ ಇಂದಿನ ಮಾತಿನ ವಿಷಯ.

ಮೊದಲು ಕಾರಣ ತಿಳಿಯೋಣ. ಕರ್ನಲ್ ಎಂದರೆ ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ನಡೆಸುವ ಭಾಗ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಹೆಚ್ಚಿನ ಡ್ರೈವರ್‌ಗಳು ಕರ್ನಲ್‌ನ ಜೊತೆಗೇ ಬರುತ್ತವೆ. ಕೆಲವು ಮಾತ್ರ ಹೊರಗಿನವು: ಎನ್‌ವಿಡಿಯಾ ಗ್ರಾಫಿಕ್ಸ್, ಕೆಲವು ಬ್ರಾಡ್‌ಕಾಮ್ ವೈಫೈ ಕಾರ್ಡ್‌ಗಳು, ವರ್ಚುವಲ್‌ಬಾಕ್ಸ್, ಝಡ್‌ಎಫ್‌ಎಸ್ ಮೊದಲಾದವು. ಮಾಡ್ಯೂಲ್ ಯಾವ ಕರ್ನಲ್‌ಗಾಗಿ ಸಿದ್ಧವಾಯಿತೋ ಅದಕ್ಕೇ ಹೊಂದುತ್ತದೆ. ಪ್ರತಿ ಕರ್ನಲ್ ಆವೃತ್ತಿಗೂ ಮಾಡ್ಯೂಲ್‌ಗಳನ್ನಿಡುವ ಪ್ರತ್ಯೇಕ ಕಡತಕೋಶವಿದೆ. ಹೊಸ ಕರ್ನಲ್ ಬಂದಾಗ ಹೊಸ ಕೋಶ ಬರುತ್ತದೆ, ಆದರೆ ಹೊರಗಿನ ಡ್ರೈವರ್ ಅದರಲ್ಲಿ ಇರುವುದಿಲ್ಲ.

ಇದನ್ನು ಬೆಳೆಯುವ ಮಗುವಿನ ಅಂಗಿಗೆ ಹೋಲಿಸಬಹುದು. ಹೋದ ವರ್ಷ ಹೊಲಿಸಿದ ಅಂಗಿ ಈ ವರ್ಷ ಹಿಡಿಸುವುದಿಲ್ಲ. ಬಟ್ಟೆ ಮನೆಯಲ್ಲಿದ್ದರೆ ಹೊಸ ಅಳತೆ ಕೊಟ್ಟು ಮತ್ತೆ ಹೊಲಿಸಬಹುದು. ಡ್ರೈವರ್‌ನ ಮೂಲ ಸಂಕೇತವೇ ಬಟ್ಟೆ, ಕರ್ನಲ್ ಹೆಡರ್‌ಗಳೇ ಅಳತೆ, ಕಂಪೈಲರೇ ದರ್ಜಿ. ಪ್ರತಿಸಲ ನೆನಪಿಟ್ಟು ದರ್ಜಿಯ ಬಳಿಗೆ ಹೋಗುವ ಕೆಲಸ ಡಿಕೆಎಂಎಸ್‌ನದು. ಡೆಲ್ ಕಂಪೆನಿಯ ಲಿನಕ್ಸ್ ತಂಡ 2003ರಲ್ಲಿ ಇದನ್ನು ರೂಪಿಸಿತು.

ಅದರ ಕೆಲಸ ಮೂರು ಹಂತದ್ದು: ಮೂಲ ಸಂಕೇತವನ್ನು ದಾಖಲಿಸಿಕೊಳ್ಳುವುದು, ಕಂಪೈಲ್ ಮಾಡುವುದು, ಸರಿಯಾದ ಕೋಶದಲ್ಲಿ ಸ್ಥಾಪಿಸುವುದು. ಹೊಸ ಕರ್ನಲ್ ಪ್ಯಾಕೇಜ್ ಬಂದೊಡನೆ ಕೊನೆಯ ಎರಡು ಹಂತ ತಾವಾಗಿಯೇ ನಡೆಯುತ್ತವೆ. ಡ್ರೈವರನ್ನು ಲೋಡ್ ಮಾಡುವುದು ಮಾತ್ರ ಬೇರೆಯವರ ಕೆಲಸ. ಯಂತ್ರ ಆರಂಭವಾದಾಗ ಯುಡೆವ್ ಯಂತ್ರಾಂಶವನ್ನು ಗುರುತಿಸಿ ತಕ್ಕ ಮಾಡ್ಯೂಲನ್ನು ಕರೆಸುತ್ತದೆ. ಆದ್ದರಿಂದ ಡ್ರೈವರ್ ಕಾಣದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ: ಅದು ಸಿದ್ಧವಾಗಲೇ ಇಲ್ಲವೇ, ಅಥವಾ ಸಿದ್ಧವಾಗಿಯೂ ಲೋಡ್ ಆಗಲಿಲ್ಲವೇ?

ಸಿದ್ಧವಾಗದಿರಲು ಸಾಮಾನ್ಯ ಕಾರಣ ಹೆಡರ್‌ಗಳ ಕೊರತೆ. ಅಳತೆಯಿಲ್ಲದೆ ದರ್ಜಿ ಏನು ಮಾಡಿಯಾನು? ಒಂದೇ ಆವೃತ್ತಿಯ ಹೆಡರ್ ಹಾಕಿ ಸುಮ್ಮನಾಗದೆ, ಕರ್ನಲ್ ಜೊತೆಗೇ ಹೊಸದಾಗುವ ಸಾಮಾನ್ಯ ಹೆಡರ್ ಪ್ಯಾಕೇಜನ್ನು ಹಾಕಿಕೊಳ್ಳಿ. ಎರಡನೆಯ ಕಾರಣ, ಕರ್ನಲ್‌ನ ಒಳಗಿನ ಏರ್ಪಾಡೇ ಬದಲಾಗುವುದು. 2020ರ ಮಾರ್ಚ್‌ನಲ್ಲಿ ಬಂದ 5.6 ಆವೃತ್ತಿಯಲ್ಲಿ 'ಪ್ರಾಕ್' ಕಡತಗಳನ್ನು ನಿಭಾಯಿಸುವ ರಚನೆ ಬದಲಾಯಿತು. ಹಳೆಯ ರೀತಿಯಲ್ಲಿ ಬರೆದ ಹೊರಗಿನ ಡ್ರೈವರ್‌ಗಳು ಕಂಪೈಲ್ ಆಗಲಿಲ್ಲ. ಇಂತಹ ಸಂದರ್ಭದಲ್ಲಿ ಡ್ರೈವರ್‌ನ ಹೊಸ ಆವೃತ್ತಿಯನ್ನೇ ಹುಡುಕಬೇಕು. ದೋಷ ಎಲ್ಲಿದೆಯೆಂದು ಡಿಕೆಎಂಎಸ್ ತನ್ನ ಲಾಗ್ ಕಡತದಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಸಿದ್ಧವಾಗಿಯೂ ಲೋಡ್ ಆಗದಿದ್ದರೆ ಸೆಕ್ಯೂರ್ ಬೂಟ್ ಕಡೆ ನೋಡಿ. ಅದು ಚಾಲನೆಯಲ್ಲಿದ್ದರೆ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಹಿಯ ಕೀಲಿಯನ್ನು ಯಂತ್ರದಲ್ಲಿ ಒಮ್ಮೆ ನೋಂದಾಯಿಸಬೇಕು. ರೀಬೂಟ್ ಆಗುವಾಗ ನೀಲಿ ಪರದೆ ಬಂದು ಪಾಸ್‌ವರ್ಡ್ ಕೇಳುತ್ತದೆ. ಆಗ ಯಂತ್ರದ ಮುಂದೆ ಯಾರಾದರೂ ಇರಲೇಬೇಕು. ತಪ್ಪಿಹೋದರೆ ನೋಂದಣಿಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಲ್ಯಾಬ್ ನೋಡಿಕೊಳ್ಳುವವರಿಗೆ ನಾಲ್ಕು ಕಿವಿಮಾತು. ಪರೀಕ್ಷೆಯ ಹಿಂದಿನ ದಿನ ಕರ್ನಲ್ ಬದಲಿಸಬೇಡಿ. ಮೊದಲು ಒಂದು ಯಂತ್ರದಲ್ಲಿ ಪ್ರಯತ್ನಿಸಿ, ಆಮೇಲೆ ಉಳಿದವುಗಳಿಗೆ ಹೋಗಿ. ರೀಬೂಟ್‌ಗೆ ಮುನ್ನ 'ಡಿಕೆಎಂಎಸ್ ಸ್ಟೇಟಸ್' ಆದೇಶ ಕೊಟ್ಟು, ಹೊಸ ಕರ್ನಲ್‌ನ ಸಂಖ್ಯೆಯ ಮುಂದೆ 'ಇನ್‌ಸ್ಟಾಲ್ಡ್' ಎಂದಿದೆಯೇ ನೋಡಿ. ಹೊಸದು ಸರಿಯಾಗಿ ನಡೆಯುವವರೆಗೆ ಹಳೆಯ ಕರ್ನಲನ್ನು ತೆಗೆಯಬೇಡಿ. ತೊಂದರೆಯಾದರೆ ಗ್ರಬ್ ಪಟ್ಟಿಯಿಂದ ಅದನ್ನೇ ಆರಿಸಿ ಆ ದಿನದ ಪಾಠ ನಡೆಸಬಹುದು.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಡಿಕೆಎಂಎಸ್ ಒಳ್ಳೆಯ ಆಸರೆ, ಆದರೆ ಶಾಶ್ವತ ಪರಿಹಾರವಲ್ಲ. ಡ್ರೈವರ್ ಕರ್ನಲ್‌ನ ಒಳಗೇ ಸೇರಿದರೆ, ಏರ್ಪಾಡು ಬದಲಿಸುವವರೇ ಅದನ್ನೂ ತಿದ್ದುತ್ತಾರೆ. ರಿಯಲ್‌ಟೆಕ್‌ನ ಕೆಲವು ವೈಫೈ ಚಿಪ್‌ಗಳ ಡ್ರೈವರ್ 2019ರ 5.2 ಆವೃತ್ತಿಯಲ್ಲಿ ಹೀಗೆಯೇ ಒಳಗೆ ಬಂತು. ನಿಮ್ಮ ಕಾರ್ಡ್‌ಗೆ ಒಳಗಿನ ಡ್ರೈವರ್ ಈಗ ಸಿಗುವುದಾದರೆ ಹೊರಗಿನದನ್ನು ಬಿಟ್ಟುಬಿಡಿ. ಈ ಸಂಕೇತವೆಲ್ಲ ಯಾರು ಬೇಕಾದರೂ ಓದಲು ತೆರೆದಿದೆ. ಇಂದು ಲಾಗ್ ಓದಿ ದೋಷ ಹುಡುಕುವವರು ನಾಳೆ ಅದನ್ನು ತಿದ್ದಿ ಕಳುಹಿಸುವವರೂ ಆಗಬಹುದು. ಅಂಥವರು ನಿಮ್ಮೊಳಗಿಂದ ಬರಲೆಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.