ಸೋಸುಬಟ್ಟೆಗೆ ಸಿಗದ ಉಪ್ಪು



ನೀರನ್ನು ಸೋಸಿ ಕುಡಿಯಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಸೋಸುಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿ ಬಿಡುವ ಪದ್ಧತಿಯನ್ನು, ನಲ್ಲಿ ಬಂದ ಮೇಲೆ, ಬಹುಪಾಲು ಮನೆಗಳು ಮರೆತಿವೆ. ಇಲ್ಲಿ ಕುರಕುಂಭದಲ್ಲಿ ನಿಂತಾಗ ಆ ಮರೆತ ಅರ್ಧವೇ ಮುಖ್ಯವೆನಿಸುತ್ತದೆ. ಬಟ್ಟೆಯಲ್ಲಿ ಜೀವಿ ನಿಲ್ಲುತ್ತದೆ. ಕರಗಿದ ಉಪ್ಪು ನಿಲ್ಲುವುದಿಲ್ಲ.

ಪುಣೆ ಜಿಲ್ಲೆಯ ದೌಂಡ್ ತಾಲೂಕಿನ ಈ ಊರು ಮಳೆನೆರಳಿನ ಪ್ರದೇಶದಲ್ಲಿದೆ. ನೆಲದಡಿಯಲ್ಲಿ ಬಸಾಲ್ಟ್ ಶಿಲೆ. ಅದರ ಬಿರುಕುಗಳಲ್ಲಿ ಮತ್ತು ಮೇಲಿನ ಸಡಿಲ ಪದರದಲ್ಲಿ ಮಾತ್ರ ನೀರು ನಿಲ್ಲುತ್ತದೆ. ಈ ಸೀಮೆಯಲ್ಲಿ ಆ ನೀರನ್ನೆತ್ತಿ ಕಬ್ಬಿಗೆ ಹಾಯಿಸುತ್ತಾರೆ. ಬಿಸಿಲು ನೀರನ್ನಷ್ಟೇ ಒಯ್ದು ಲವಣವನ್ನು ಮಣ್ಣಿನಲ್ಲಿ ಬಿಡುತ್ತದೆ. ಮುಂದಿನ ಸಲದ ನೀರು ಅದನ್ನು ತೊಳೆದು ಬಾವಿಗಿಳಿಸುತ್ತದೆ. ಮತ್ತೆ ಅದೇ ಬಾವಿಯಿಂದ ಎತ್ತುವುದು. ಪ್ರತಿ ಸುತ್ತಿನಲ್ಲೂ ನೀರು ಕಡಿಮೆ, ಉಪ್ಪು ಹೆಚ್ಚು. ಕೈಗಾರಿಕಾ ವಸಾಹತಿನ ರಾಸಾಯನಿಕ ತ್ಯಾಜ್ಯದಿಂದ ಬಾವಿಗಳು ಕೆಟ್ಟವೆಂಬ ಗ್ರಾಮಸ್ಥರ ಬಹುಕಾಲದ ದೂರು ಬೇರೆ. ಅಲ್ಲಿ ಮೊದಲು ತ್ಯಾಜ್ಯ ನಿಲ್ಲಬೇಕು. ಕೆಟ್ಟ ನೀರು ಹರಿಯುವೆಡೆ ಇಂಗುಗುಂಡಿ ತೋಡುವುದೆಂದರೆ ವಿಷಕ್ಕೆ ನಾವೇ ದಾರಿ ತೋರಿದಂತೆ.

ಮನೆಯ ಶುದ್ಧೀಕರಣ ಯಂತ್ರವು ಲೋಟದ ಉಪ್ಪನ್ನು ಚರಂಡಿಗೆ ಕಳುಹಿಸುತ್ತದೆ, ಅಷ್ಟೆ. ಬಾವಿ ಸಿಹಿಯಾಗಬೇಕಾದರೆ ಒಳಗೆ ಮಳೆನೀರು ಇಳಿಯಬೇಕು, ಹೊರಗೆ ಎತ್ತುವುದು ತಗ್ಗಬೇಕು. ಒಬ್ಬನು ತಗ್ಗಿಸಿ ನೆರೆಯವನು ಹೆಚ್ಚಿಸಿದರೆ ಫಲವಿಲ್ಲ. ಬಾವಿಗಳು ಎರಡಾದರೂ ನೀರು ಒಂದೇ.

ನೆರೆಯ ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಹಿವರೆ ಬಾಜಾರಿನವರು ಇದನ್ನು ಅರಿತರು. ಪೋಪಟರಾವ್ ಪವಾರರ ಮುಂದಾಳತನದಲ್ಲಿ ಗ್ರಾಮಸಭೆಯು ನೀರಾವರಿಗೆ ಕೊಳವೆಬಾವಿ ಬೇಡ, ಕಬ್ಬು-ಬಾಳೆ ಬೇಡವೆಂದು ಕಟ್ಟುಪಾಡು ಮಾಡಿಕೊಂಡಿತು. ವರ್ಷವರ್ಷವೂ ಮಳೆಯನ್ನು ಅಳೆದು, ನೀರಿನ ಆಯವ್ಯಯ ಮಂಡಿಸಿ, ಆ ಬಳಿಕವೇ ಬೆಳೆಯ ನಿರ್ಧಾರ. ಬದು, ಒಡ್ಡುಗಳನ್ನು ಎಷ್ಟೋ ಊರುಗಳು ಕಟ್ಟಿವೆ. ತನ್ನ ಬಾವಿಗೆ ಊರು ಮಿತಿ ಹಾಕಲೆಂದು ಒಪ್ಪಿಕೊಂಡ ಊರುಗಳು ವಿರಳ.

ಇಲ್ಲಿ ನಮ್ಮವರ ಮಾತನ್ನೂ ಆಡಬೇಕು. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ನಮ್ಮ ಒಕ್ಕಲು ಮನೆತನಗಳಿಗೆ ಸವಳು ಭೂಮಿ ಹೊಸತಲ್ಲ. ಪರಿಗ್ರಹ ಪರಿಮಾಣದಲ್ಲಿ ಹೊಲ, ಮನೆ, ಚಿನ್ನವನ್ನು ಎಣಿಸುವ ನಾವು ಪಂಪಿನ ತಾಸುಗಳನ್ನು ಎಣಿಸಿದ್ದೇವೆಯೇ? ಕೆರೆ ಬತ್ತಿಸುವ ವೃತ್ತಿಯನ್ನು ಶ್ರಾವಕನಿಗೆ ನಿಷೇಧಿಸಿದ ಶಾಸ್ತ್ರಕಾರರು ಕೊಳವೆಬಾವಿಯನ್ನು ಕಂಡಿರಲಿಲ್ಲ. ಅವರು ಕಾಣಲಿಲ್ಲವೆಂಬುದು ನಮಗೆ ರಿಯಾಯಿತಿಯೇ?

ನನ್ನ ಬೇಡಿಕೆ ಚಿಕ್ಕದು. 100 ಚದರ ಮೀಟರಿನ ಮಾಳಿಗೆಯ ಮೇಲೆ 500 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ನಿಮ್ಮೂರಿನ ಬಸದಿಯ ಮಾಳಿಗೆಯ ನೀರನ್ನು, ಮೊದಲ ಮಳೆಯದನ್ನು ಬಿಟ್ಟು, ಸೋಸಿ ಬಸದಿಯ ಬಾವಿಗೆ ಇಳಿಸಿರಿ. ಮುಂಗಾರಿಗೆ ಮುನ್ನ ಒಮ್ಮೆ, ದೀಪಾವಳಿಯ ಬಳಿಕ ಒಮ್ಮೆ ಆ ಬಾವಿಯ ಆಳವನ್ನೂ ಕರಗಿದ ಲವಣವನ್ನೂ ಅಳೆಯಿರಿ. ಭಾರತೀಯ ಮಾನಕದಂತೆ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಸಹ್ಯ. ಬಂದ ಅಂಕಿಯನ್ನು ದಾನಿಗಳ ಹೆಸರಿನ ಫಲಕದ ಪಕ್ಕದಲ್ಲೇ ಬರೆಯಿಸಿರಿ. ಆ ಫಲಕವನ್ನು ಎಲ್ಲರೂ ಓದುತ್ತಾರೆ.