ಧೂಳಿಗಾಗಿ ಕಾದ ವಕೀಲರು

(ಮಂಗಳೂರಿನ ವಿದ್ಯಾರ್ಥಿ ನಿಲಯವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವರದಿಗಾರನಾದ ಮೇಲೆ ಇಲ್ಲಿನ ಪುರಭವನಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಕಟ್ಟಡಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಯಾರವರು ಎಂದು ಬಹುಕಾಲ ನಾನು ಕೇಳಿರಲೇ ಇಲ್ಲ. ನಿಮ್ಮಲ್ಲೂ ಕೆಲವರು ಕೇಳಿರಲಿಕ್ಕಿಲ್ಲ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಮಂಗಳೂರಿಗೆ ಬಂದು ವಕೀಲರಾದರು, ಬ್ರಹ್ಮಸಮಾಜದ ಒಡನಾಟಕ್ಕೆ ಬಂದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು. ಗಾಂಧೀಜಿ ಹರಿಜನ ಸೇವಕ ಸಂಘ ಕಟ್ಟಿದ್ದು 1932ರಲ್ಲಿ. ಅದಕ್ಕೂ 40 ವರ್ಷ ಮೊದಲಿನ ಮಾತಿದು.

ಶಾಲೆಯೇನೋ ತೆರೆಯಿತು. ಆದರೆ ಕಲಿಸುವವರು ಯಾರು? ಮೇಲ್ಜಾತಿಯ ಮಾಸ್ತರರು ಹತ್ತಿರ ಸುಳಿಯಲಿಲ್ಲ. ಕ್ರೈಸ್ತ ಶಿಕ್ಷಕರು ಕೈಹಿಡಿದರು. ಸುತ್ತಲಿನವರ ವಿರೋಧದಿಂದ ಶಾಲೆ ಜಾಗದಿಂದ ಜಾಗಕ್ಕೆ ಅಲೆಯಿತು. ಮಕ್ಕಳನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಮಗು ಪಾಠಕ್ಕೆ ಕುಳಿತರೆ ಮನೆಗೆ ಅಂದಿನ ಕೂಲಿ ಖೋತಾ. ರಾಯರು ಇದನ್ನು ವಕೀಲರಂತೆಯೇ ಲೆಕ್ಕ ಹಾಕಿದರು: ಮಧ್ಯಾಹ್ನ ಊಟ, ಬಂದ ಮಕ್ಕಳಿಗೆ ಚಿಲ್ಲರೆ ಕಾಸು. ಸರ್ಕಾರಗಳಿಗೆ ಈ ಲೆಕ್ಕ ಹೊಳೆಯಲು ಎಷ್ಟು ಕಾಲ ಬೇಕಾಯಿತು ನೋಡಿ! 1897ರಲ್ಲಿ ಅವರು ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ನೇಯ್ಗೆ, ಮರಗೆಲಸವನ್ನೂ ಕಲಿಸಿತು. ಮನೆ ಕಟ್ಟಿಕೊಳ್ಳಲು ನೆಲವನ್ನೂ ಕೊಡಿಸಿತು.

ಇದಕ್ಕೆ ಸ್ವಜಾತಿಯವರಿಂದ ಸಿಕ್ಕ ಬಳುವಳಿ ಬಹಿಷ್ಕಾರ. ರಾಯರು ಜಗ್ಗಲಿಲ್ಲ. ತಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ದೊಡ್ಡ ನೌಕರಿ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಗುಲಬೇಕು ಎಂಬುದು ಅವರ ಆಸೆಯಾಗಿತ್ತು. ಸುಧಾರಕರೆಂದರೆ ದಯೆ, ಕರುಣೆ ಎನ್ನುತ್ತೇವೆ. ನನಗೆ ಈ ಆಸೆಯಲ್ಲಿ ಕಾಣುವುದು ಸಂಬಳ, ಅಧಿಕಾರ; ರಸ್ತೆ ಬದಿಯಲ್ಲಿ ತಾನು, ಕಾರಿನೊಳಗೆ ಆ ಹುಡುಗ.

ಕೊನೆಗಾಲದಲ್ಲಿ ಸಂನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡಾಗ, ಅವರೇ ಬಯಸಿದ್ದಂತೆ, ಶವಕ್ಕೆ ಹೆಗಲು ಕೊಟ್ಟವರು ದಲಿತರು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಮಾತಾಡಬೇಕಿರಲಿಲ್ಲ. ಇದೇ ಕರಾವಳಿಯಲ್ಲಿ ಅಜಲು ಎಂಬ ಪದ್ಧತಿಯಿತ್ತು. ಉಳ್ಳವರ ಮನೆಯ ಅನಿಷ್ಟ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಅದನ್ನು ನಿಷೇಧಿಸಲು ಕರ್ನಾಟಕ ಪ್ರತ್ಯೇಕ ಕಾಯ್ದೆ ಮಾಡಿದ್ದು 2000ದಲ್ಲಿ. ಅಷ್ಟು ಹೊತ್ತಿಗೆ ರಾಯರು ತೀರಿಕೊಂಡು 72 ವರ್ಷಗಳಾಗಿದ್ದವು.