ಮೋಟಾರು ಸುಡುವ ಮೊದಲು ವೋಲ್ಟೇಜು ಬರೆದಿಡಿ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಕಷ್ಟ ಮಾನ್ವಿ, ರಾಯಚೂರು ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೇಲಿನವರು ಹೆಚ್ಚು ನೀರು ತಿರುಗಿಸಿಕೊಂಡರೆ ಕೆಳಗಿನವರಿಗೆ ಕಡಿಮೆ. ಕರೆಂಟಿನ ತಂತಿಯೂ ಹಾಗೆಯೇ. ಟಿ.ಸಿ.ಯಿಂದ ಹೊರಟ ಸಾಲಿನಲ್ಲಿ ಎಲ್ಲ ಪಂಪುಗಳೂ ಒಮ್ಮೆಗೇ ನಡೆದರೆ ಕೊನೆಯ ಹೊಲದಲ್ಲಿ ವೋಲ್ಟೇಜು ತಗ್ಗುತ್ತದೆ. ದೇವದುರ್ಗದ ಕೊಳವೆ ಬಾವಿಗೂ ಇದೇ ಗತಿ.

ಮೂರು ಫೇಸಿನ ಲೈನಿನಲ್ಲಿ ಎರಡು ಫೇಸುಗಳ ನಡುವೆ ಸುಮಾರು 415 ವೋಲ್ಟು ಇರಬೇಕು. ಅದು 332ಕ್ಕೆ, ಎಂದರೆ ನೂರಕ್ಕೆ 80ಕ್ಕೆ ಇಳಿದರೆ, ಮೋಟಾರು ಹೊರಡುವಾಗಿನ ತಿರುಗುಬಲ ನೂರಕ್ಕೆ 64ಕ್ಕೆ ಇಳಿಯುತ್ತದೆ. ಅಷ್ಟೇ ನೀರೆತ್ತಲು ಅದು ಹೆಚ್ಚು ಕರೆಂಟು ಎಳೆಯುತ್ತದೆ, ಕಾಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ.

"ವೋಲ್ಟೇಜು ಸಾಲದು" ಎಂದು ದೂರು ಕೊಡುತ್ತೇವೆ. ನೋಡಲು ಬಂದವರು ಹಗಲಲ್ಲಿ ಅಳೆದಾಗ ಎಲ್ಲ ಸರಿ ಇರುತ್ತದೆ. ಕೆಡುವುದು ರಾತ್ರಿ, ನಾವು ಮಲಗಿದಾಗ. ಬಾಯಿಮಾತಿಗೆ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಅಳತೆಗಳನ್ನು ತನ್ನಲ್ಲೇ ಬರೆದಿಡುವ ಡಿಜಿಟಲ್ ಮಲ್ಟಿಮೀಟರ್ ಕೊಡುತ್ತದೆ. ಎಲ್ಲ ಮೀಟರುಗಳಿಗೂ ಈ ಗುಣವಿಲ್ಲ, ಕೇಳಿ ಕೊಳ್ಳಿರಿ. ಹತ್ತು ಮಂದಿ ಸೇರಿ ಒಂದು ಕೊಂಡರೆ ಸಾಕು.

ಮೀಟರಿಗೆ ಕೆಲಸ ಒಪ್ಪಿಸುವ ಕ್ರಮ ಹೀಗಿದೆ:

1. ಹೊಸ ಬ್ಯಾಟರಿ ಹಾಕಿ, ದಿನಾಂಕ ಮತ್ತು ಗಂಟೆಯನ್ನು ಸರಿಪಡಿಸಿರಿ.
2. ಗುಂಡಿಯನ್ನು ಎ.ಸಿ. ವೋಲ್ಟಿಗೆ ತಿರುಗಿಸಿರಿ. ಕಡ್ಡಿ ಆಂಪಿಯರ್ ತೂತಿನಲ್ಲಿದ್ದರೆ ಶಾರ್ಟ್ ಆಗಿ ಪ್ರಾಣಕ್ಕೇ ಅಪಾಯ.
3. ತಾನಾಗಿ ಆರುವ ಏರ್ಪಾಟನ್ನು ತೆಗೆಯಿರಿ. ಇಲ್ಲವಾದರೆ ನಡುವೆಯೇ ಬರೆಯುವುದು ನಿಲ್ಲುತ್ತದೆ.
4. 5 ನಿಮಿಷಕ್ಕೊಂದು ಅಳತೆ ಎಂದು ಗೊತ್ತುಮಾಡಿರಿ. ಏಳು ಗಂಟೆಗೆ 84 ಅಳತೆಗಳಾಗುತ್ತವೆ. ಅಷ್ಟು ಹಿಡಿಸುವ ನೆನಪು ಮೀಟರಿಗಿದೆಯೇ ನೋಡಿರಿ.
5. ಬಲ್ಲ ಎಲೆಕ್ಟ್ರಿಷಿಯನ್ನನೇ ಕರೆಂಟು ತೆಗೆದು ಸ್ಟಾರ್ಟರಿನ ಒಳಬರುವ ತಂತಿಗೆ ಕ್ಲಿಪ್ಪು ಹಾಕಲಿ. 600 ವೋಲ್ಟು, ಕ್ಯಾಟ್ III ಎಂದು ಬರೆದಿರುವ ಮೀಟರೇ ಇರಲಿ. ಪೆಟ್ಟಿಗೆ ಮುಚ್ಚಿರಿ, ಒದ್ದೆ ಕೈಯವರೂ ಮಕ್ಕಳೂ ಹತ್ತಿರ ಸುಳಿಯಬಾರದು.

ಮೋಟಾರು ನಡೆಯುವಾಗಿನ ಅಳತೆಯೇ ಮುಖ್ಯ. ನಿಂತ ಮೋಟಾರಿಗೆ ವೋಲ್ಟೇಜು ಚೆನ್ನಾಗಿಯೇ ಕಾಣುತ್ತದೆ.

ಮೂರು ಫೇಸುಗಳೂ ಸಮನಾಗಿವೆಯೇ ಎಂಬುದನ್ನೂ ನೋಡಬೇಕು. ಒಂದೇ ಹೊತ್ತಿನಲ್ಲಿ 410, 400, 360 ಬಂದಿತೆನ್ನಿರಿ. ಸರಾಸರಿ 390. ಅದರಿಂದ ಅತಿ ದೂರದ್ದು 360; ವ್ಯತ್ಯಾಸ 30, ಎಂದರೆ ನೂರಕ್ಕೆ ಸುಮಾರು 7.7. ಇದು 5 ದಾಟಿದರೆ ಮೋಟಾರು ನಡೆಸಬಾರದು.

ದೂರು ಕೊಡುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಲೈನ್‌ಮನ್ನನ ಕೈಯಿಂದ ಟಿ.ಸಿ. ಬಳಿ ಅದೇ ಹೊತ್ತಿನಲ್ಲಿ ಅಳೆಸಿರಿ. ಅಲ್ಲಿ ಸರಿಯಿದ್ದು ಸ್ಟಾರ್ಟರಿನಲ್ಲಿ ಕಡಿಮೆ ಇದ್ದರೆ ನಡುವಿನ ಲೈನು, ಉದ್ದದ ಸಣ್ಣ ಕೇಬಲ್ಲು ಅಥವಾ ಸಡಿಲ ಗಂಟು ಕಾರಣ. ಟಿ.ಸಿ.ಯಲ್ಲೇ ಕಡಿಮೆ ಇದ್ದರೆ ಅದರ ಮೇಲಿನ ಹೊರೆ ಅಥವಾ ಅದಕ್ಕೆ ಬರುವ ಲೈನು ಕಾರಣ.

ಬಳಿಕ ಅಳತೆಗಳನ್ನು ಕಂಪ್ಯೂಟರಿಗೆ ಇಳಿಸಿ ಅಚ್ಚು ತೆಗೆಸಿ, ಎಷ್ಟು ಪಂಪು ನಡೆದಿದ್ದವೆಂದು ಬದಿಯಲ್ಲಿ ಬರೆದು, ಎಲ್ಲರೂ ಸಹಿ ಮಾಡಿ ಅರ್ಜಿಗೆ ಲಗತ್ತಿಸಿರಿ. ಗಂಟೆ, ತಾರೀಖು ಸಹಿತವಾದ ಅಂಕಿಗಳನ್ನು ಅಲ್ಲಗಳೆಯುವುದು ಸುಲಭವಲ್ಲ. ನಮ್ಮೊಳಗೂ ಸರದಿ ಹಾಕಿಕೊಂಡು ಪಂಪು ನಡೆಸಲು ಅದೇ ಕಾಗದ ದಾರಿ ತೋರುತ್ತದೆ.